ಪದವೀಧರ ಅಪ್ರೆಂಟಿಸ್ ಆಗಿ ಒಂದು ವರ್ಷ: ಹೋಗಬೇಕೆ, ಹೋದರೆ ಹೇಗೆ ಬಳಸಿಕೊಳ್ಳಬೇಕು?

ಶಿರಸಿಯಿಂದ ಕೇಳಿದ್ದು:

ಈ ವರ್ಷ ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿದ್ದೇನೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ದೊಡ್ಡ ಕಾರ್ಖಾನೆಯೊಂದರಲ್ಲಿ ಒಂದು ವರ್ಷದ ಪದವೀಧರ ಅಪ್ರೆಂಟಿಸ್ ಆಗಿ ಆಯ್ಕೆಯಾಗಿದ್ದೇನೆ, ಆದರೆ ಆಮೇಲೆ ನೌಕರಿ ಕೊಡುವ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ. ವರ್ಷವಿಡೀ ಕಡತ ಹೊರಿಸಿ ಕಳಿಸುತ್ತಾರೆ ಎಂದು ಕೆಲವು ಸೀನಿಯರ್‌ಗಳು ಹೇಳುತ್ತಾರೆ. ಬೆಂಗಳೂರಿಗೆ ಹೋಗಿ ನೇರವಾಗಿ ಕೆಲಸ ಹುಡುಕುವುದೇ ಒಳ್ಳೆಯದು ಎಂಬುದು ಅಪ್ಪನ ಅಭಿಪ್ರಾಯ. ಹೋಗಿ ಬಂದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಕಾರವಾರದಿಂದ:

ತಂಗಿ, ಹನ್ನೊಂದು ವರ್ಷಗಳ ಹಿಂದೆ ನಾನೂ ಇಂಥದೇ ಪತ್ರ ಹಿಡಿದುಕೊಂಡು ಯೋಚಿಸುತ್ತ ಕುಳಿತಿದ್ದೆ. ಈಗ ಒಂದು ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಹೋಗಿ ಎಂದೇ ಹೇಳುತ್ತೇನೆ, ಆದರೆ ಯಾವುದಕ್ಕಾಗಿ ಹೋಗುತ್ತಿದ್ದೀರಿ ಎಂಬುದನ್ನು ತಿಳಿದುಕೊಂಡು ಹೋಗಿ.

ಮೊದಲು ಕಾಯ್ದೆಯ ವಿಷಯ ಹೇಳುತ್ತೇನೆ, ಏಕೆಂದರೆ ಅದನ್ನು ಓದದೆ ಹೋದದ್ದರಿಂದ ನಾನು ಅರ್ಧ ವರ್ಷವನ್ನು ತಪ್ಪು ನಿರೀಕ್ಷೆಯಲ್ಲಿ ಕಳೆದೆ. 1961ರ ಅಪ್ರೆಂಟಿಸ್ ಕಾಯ್ದೆಯ ವ್ಯಾಪ್ತಿಗೆ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ತಂದದ್ದು 1973ರ ತಿದ್ದುಪಡಿ. ಆ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಮತ್ತು ಅವಧಿ ಮುಗಿದ ಮೇಲೆ ನೌಕರಿ ಕೊಡಬೇಕೆಂಬ ನಿರ್ಬಂಧ ಸಂಸ್ಥೆಗೆ ಇಲ್ಲ. ಇನ್ನೊಂದು ಕಡೆ, 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಯು ಅವರ ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ನಿಮ್ಮನ್ನು ಕರೆದಿರುವುದಕ್ಕೂ ಅಲ್ಲಿ ಹುದ್ದೆ ಖಾಲಿ ಇರುವುದಕ್ಕೂ ಸಂಬಂಧ ಇರಬೇಕಾಗಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದರೆ, ಮೇಲಿನವರ ಕಣ್ಣಿಗೆ ಬೀಳಬೇಕೆಂದು ಕಚೇರಿಯಲ್ಲೇ ಕೂರುವ ಬದಲು ಮೊದಲ ವಾರವೇ ಯಂತ್ರಗಳ ಹತ್ತಿರ ಹೋಗುತ್ತಿದ್ದೆ.

ನನ್ನನ್ನು ಮೊದಲು ಯೋಜನಾ ವಿಭಾಗಕ್ಕೆ ಹಾಕಿದರು. ಐದು ತಿಂಗಳು ಬಿಡಿಭಾಗಗಳ ಪಟ್ಟಿ ತುಂಬಿಸಿದೆ. ನಿಮ್ಮ ಸೀನಿಯರ್‌ಗಳು ಹೇಳಿದ್ದು ಸುಳ್ಳಲ್ಲ, ಹಾಗೆ ಆಗುವುದುಂಟು. ಆರನೆಯ ತಿಂಗಳಲ್ಲಿ ತರಬೇತಿ ಅಧಿಕಾರಿಗಳಿಗೆ ಒಂದು ಪುಟದ ಅರ್ಜಿ ಬರೆದು, ಪಂಪುಗಳ ದುರಸ್ತಿ ವಿಭಾಗಕ್ಕೆ ಕಳಿಸಿ ಎಂದು ಕೇಳಿಕೊಂಡೆ. ಒಪ್ಪಿದರು. ಅಷ್ಟು ಸುಲಭವಾಗಿ ಸಿಗುವುದನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಕೇಳಿಯೇ ಇರಲಿಲ್ಲ.

ಅಲ್ಲಿ ನನಗೆ ಕಲಿಸಿದವರು ಐ.ಟಿ.ಐ. ಓದಿದ, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಫಿಟ್ಟರ್. ಪಂಪು ಮತ್ತು ಮೋಟಾರಿನ ಶಾಫ್ಟುಗಳನ್ನು ಒಂದೇ ಗೆರೆಗೆ ತರುವ ಅಲೈನ್‌ಮೆಂಟ್ ಕೆಲಸವನ್ನು ಕಾಲೇಜಿನಲ್ಲಿ ನಾನು ಅರ್ಧ ಪುಟದಲ್ಲಿ ಓದಿದ್ದೆ. ಅವರು ಸೂಕ್ಷ್ಮ ಅಂತರವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಕಟ್ಟಿಸಿ, ಮೇಲೆ ಸೊನ್ನೆ ಇಡಿಸಿ, ಎರಡು ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗನ್ನು ಕಾಲುಸುತ್ತು ಕಾಲುಸುತ್ತು ತಿರುಗಿಸಿ ನಾಲ್ಕು ಕಡೆಯ ಅಳತೆ ಬರೆಸಿದರು. ಎಡ ಮತ್ತು ಬಲದ ಅಳತೆಗಳನ್ನು ಕೂಡಿದರೆ ಕೆಳಗಿನ ಅಳತೆ ಬರಬೇಕು, ಬರದಿದ್ದರೆ ಗೇಜು ಸಡಿಲವಾಗಿದೆ ಅಥವಾ ಓದಿದ್ದು ತಪ್ಪಾಗಿದೆ ಎಂದು ತೋರಿಸಿಕೊಟ್ಟರು. ನನ್ನ ಅಳತೆಗಳು ಮೂರು ಸಲ ಹೊಂದಲಿಲ್ಲ. ಅವರು ಒಂದು ಮಾತೂ ಗದರದೆ ಮೂರು ಸಲವೂ ಮೊದಲಿನಿಂದ ಮಾಡಿಸಿದರು. ಮೋಟಾರಿನ ನಾಲ್ಕು ಪಾದಗಳಲ್ಲಿ ಒಂದರ ಕೆಳಗೆ ಕೂದಲೆಳೆಯಷ್ಟು ಸಂದು ಇದ್ದರೂ, ಬೋಲ್ಟ್ ಬಿಗಿದಾಗ ಮೋಟಾರಿನ ಮೈ ಸೆಟೆದುಕೊಂಡು ಇಡೀ ಅಲೈನ್‌ಮೆಂಟ್ ಕೆಡುತ್ತದೆ ಎಂಬುದನ್ನು ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ಕೈಗೆ ತಿಳಿಯುವಂತೆ ಮಾಡಿದ್ದೂ ಅವರೇ. ಒಂದು ವರ್ಷದ ನಂತರ ಬೇರೊಂದು ಕಂಪನಿಯ ಸಂದರ್ಶನದಲ್ಲಿ, ಒಂದು ಪಂಪಿನ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಮೊದಲು ಏನನ್ನು ನೋಡುತ್ತೀರಿ ಎಂದು ಕೇಳಿದರು. ನಾನು ಪಾದದಿಂದಲೇ ಆರಂಭಿಸಿ ಹೇಳುತ್ತ ಹೋದೆ. ಆ ಕೆಲಸ ಸಿಕ್ಕಿತು. ಆ ಉತ್ತರ ನನ್ನದಲ್ಲ, ಆ ಹಿರಿಯರದು.

ಆದ್ದರಿಂದ ಕಂಪನಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ನಿಮ್ಮನ್ನು ಯಾವ ಕೆಲಸದ ಪಕ್ಕದಲ್ಲಿ ನಿಲ್ಲಿಸುತ್ತಾರೆ ಎನ್ನುವುದು ಮುಖ್ಯ. ಸೇರುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳಿ. ಒಪ್ಪಂದಕ್ಕೆ ಸಹಿ ಹಾಕುವಾಗ, ನಡುವೆ ಬಿಟ್ಟು ಹೋದರೆ ಏನು ಎಂಬ ಭಾಗವನ್ನು ನಿಧಾನವಾಗಿ ಓದಿ. ಒಮ್ಮೆ ಒಂದು ವರ್ಷ ಮುಗಿಸಿದವರು ಅದೇ ಯೋಜನೆಯಲ್ಲಿ ಇನ್ನೊಂದು ಕಡೆ ಅಪ್ರೆಂಟಿಸ್ ಆಗಲು ಬರುವುದಿಲ್ಲ. ಅವಕಾಶ ಒಂದೇ, ಆದ್ದರಿಂದ ಸ್ಥಳವನ್ನು ನೋಡಿ ಆರಿಸಿಕೊಳ್ಳಿ.

ಅಂಕೋಲೆಯಿಂದ:

ಮೇಲಿನ ಅಣ್ಣ ಹೇಳಿದ್ದರಲ್ಲಿ ಬಹುಪಾಲು ನನ್ನ ಅನುಭವವೂ ಹೌದು. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಜಿಲ್ಲೆಯ ಹೊರಗಿನ ಒಂದು ಸ್ಥಾವರದಲ್ಲಿ ಅಪ್ರೆಂಟಿಸ್ ಆಗಿದ್ದೆ. ಹುಡುಗಿಯರಿಗೆ ಬರುವ ಒಂದು ತೊಡಕನ್ನು ಮಾತ್ರ ನಾನು ಸೇರಿಸುತ್ತೇನೆ. ನಮ್ಮನ್ನು ಯಾರೂ ಅಗೌರವದಿಂದ ಕಾಣಲಿಲ್ಲ, ಆದರೆ "ಬಿಸಿಲು, ಧೂಳು, ನಿಮಗೇಕೆ ಕಷ್ಟ" ಎಂದು ಪ್ರೀತಿಯಿಂದಲೇ ಕಚೇರಿಯಲ್ಲಿ ಕೂರಿಸಿಬಿಟ್ಟರು. ನಮ್ಮ ಕಾಲಿನ ಅಳತೆಯ ಸುರಕ್ಷತಾ ಬೂಟು ಉಗ್ರಾಣದಲ್ಲಿ ಇಲ್ಲ ಎಂಬ ಕಾರಣಕ್ಕೇ ಒಂದು ತಿಂಗಳು ಒಳಗೆ ಬಿಡಲಿಲ್ಲ. ನಾನು ಸ್ವಂತ ಹಣದಲ್ಲಿ ಬೂಟು ಕೊಂಡು ಮರುದಿನ ಬೆಳಿಗ್ಗೆ ಸ್ವಿಚ್‌ಗೇರ್ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಬೂಟು ಕೊಡುವುದು ಅವರ ಕರ್ತವ್ಯವಾಗಿತ್ತು, ಅದನ್ನು ಇಂದಿಗೂ ಹೇಳುತ್ತೇನೆ. ಆದರೂ ಆ ತಿಂಗಳು ನನಗೆ ಹಣಕ್ಕಿಂತ ದೊಡ್ಡದಾಗಿತ್ತು.

ಒಳಗೆ ಹೋದ ಮೇಲೆ ನಾನು ಕಲಿತ ಮೊದಲ ವಿಷಯ ವರ್ಕ್ ಪರ್ಮಿಟ್, ಅಂದರೆ ಯಂತ್ರ ಮುಟ್ಟುವ ಮೊದಲು ಪಡೆಯಬೇಕಾದ ಲಿಖಿತ ಅನುಮತಿ. ಬ್ರೇಕರ್ ತೆರೆದು ಹೊರಗೆಳೆಯುವುದು, ಬೀಗ ಹಾಕಿ ಚೀಟಿ ಕಟ್ಟುವುದು, ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ ನೋಡುವುದು, ಅರ್ತಿಂಗ್ ಮಾಡುವುದು, ಇಷ್ಟೆಲ್ಲ ಆದ ಮೇಲೆಯೇ ಮುಟ್ಟುವುದು. ಯಾರು ಎಷ್ಟೇ ಅವಸರ ಮಾಡಿದರೂ, ಈ ಕ್ರಮ ಮುಗಿಯದೆ ಕೈ ಹಾಕಬೇಡಿ. ತರಬೇತಿಯಲ್ಲಿರುವಾಗ ಕೆಲಸದಿಂದ ಗಾಯವಾದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಯದು ಎಂದು ಕಾಯ್ದೆ ಹೇಳುತ್ತದೆ, ಆದರೆ ಪರಿಹಾರದಿಂದ ಬೆರಳು ಮರಳಿ ಬರುವುದಿಲ್ಲ.

ಹಣದ ಬಗ್ಗೆ ಹೇಳುವುದಾದರೆ, 2019ರ ನಿಯಮಗಳಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿ ಮಾಡಿದ್ದರು. ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕೆಲವು ಸಂಸ್ಥೆಗಳು ಹೆಚ್ಚು ಕೊಡುತ್ತವೆ. ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ ಎಂಬುದನ್ನು ಅಪ್ಪನಿಗೆ ಮೊದಲೇ ತಿಳಿಸಿಬಿಡಿ. ನಮ್ಮ ಜಿಲ್ಲೆಯಲ್ಲೇ ಇರಬೇಕೆಂದಿದ್ದರೆ, ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿರುವ ಕೈಗಾ ಅಣು ವಿದ್ಯುತ್ ಕೇಂದ್ರದ ಪ್ರಕಟಣೆಗಳನ್ನೂ ಗಮನಿಸುತ್ತಿರಿ. ಕಾರವಾರದ ನೌಕಾಪಡೆಯ ಹಡಗು ದುರಸ್ತಿ ಕೇಂದ್ರವೂ ಅಪ್ರೆಂಟಿಸ್‌ಗಳನ್ನು ಕರೆಯುತ್ತದೆ, ಆದರೆ ಆ ಪ್ರಕಟಣೆಗಳು ಐ.ಟಿ.ಐ. ಮಾಡಿದವರಿಗೆ, ನಿಮ್ಮ ತಮ್ಮಂದಿರು ಯಾರಾದರೂ ಓದುತ್ತಿದ್ದರೆ ಹೇಳಿ.

ಹೊನ್ನಾವರದಿಂದ:

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಿರ್ವಹಣಾ ವಿಭಾಗದಲ್ಲಿದ್ದು, ಮೇಲ್ವಿಚಾರಕನಾಗಿ ನಿವೃತ್ತನಾದವನು. ಪ್ರತಿ ವರ್ಷ ನನ್ನ ಕೈಕೆಳಗೆ ನಾಲ್ಕೈದು ಮಂದಿ ಅಪ್ರೆಂಟಿಸ್‌ಗಳು ಬರುತ್ತಿದ್ದರು. ಅವರನ್ನು ಕಡತದ ಕೆಲಸಕ್ಕೆ ಹಾಕಿದ ತಪ್ಪು ನನ್ನಿಂದಲೂ ಆಗಿದೆ, ಅದಕ್ಕೆ ಇಂದು ವಿಷಾದವಿದೆ. ಉತ್ಪಾದನೆಯ ಒತ್ತಡದಲ್ಲಿದ್ದಾಗ, ಕಲಿಸುವುದಕ್ಕಿಂತ ಒಂದು ಕಡೆ ಕೂರಿಸುವುದು ಸುಲಭವಾಗಿ ಕಾಣುತ್ತದೆ. ಆದರೆ ಒಬ್ಬ ಹುಡುಗ ದಿನವೂ ಊಟದ ಬಿಡುವಿನಲ್ಲಿ ಒಂದೊಂದು ಪೈಪನ್ನು ಹಿಂಬಾಲಿಸಿ, ಎಲ್ಲಿಂದ ಎಲ್ಲಿಗೆ, ನಡುವೆ ಯಾವ ವಾಲ್ವ್ ಎಂದು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದ. ಎರಡು ತಿಂಗಳಲ್ಲಿ ಅವನ ಪುಸ್ತಕ ನಮ್ಮ ನಕ್ಷೆಗಿಂತ ಸರಿಯಾಗಿತ್ತು, ಏಕೆಂದರೆ ನಕ್ಷೆ ಬರೆದ ಮೇಲೆ ಬದಲಾದ ಎರಡು ಕವಲುಗಳು ಅವನ ಪುಸ್ತಕದಲ್ಲಿ ಮಾತ್ರ ಇದ್ದವು. ಅನಂತರ ಯಾವ ಕೆಲಸಕ್ಕೆ ಹೋಗುವಾಗಲೂ ನಾವೇ ಅವನನ್ನು ಕರೆಯುತ್ತಿದ್ದೆವು.

ಒಂದು ಮಾತು ಉಳಿದಿದೆ ಮಗಳೇ. ದೊಡ್ಡ ಯಂತ್ರವನ್ನು ಪೂರ್ತಿ ಬಿಚ್ಚುವುದು ದುರಸ್ತಿಗಾಗಿ ಕೆಲಸ ನಿಲ್ಲಿಸುವ ವಾರ್ಷಿಕ ಶಟ್‌ಡೌನ್‌ನಲ್ಲಿ ಮಾತ್ರ. ಉಳಿದ ದಿನಗಳಲ್ಲಿ ನೀವು ನೋಡುವುದು ಅದರ ಹೊರಮೈಯನ್ನಷ್ಟೇ. ಅದು ಯಾವ ತಿಂಗಳಲ್ಲಿ ಎಂದು ಸೇರಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮದು ಅಡಿಕೆ ತೋಟದ ಮನೆ ಎಂದಿದ್ದೀರಿ. ಶಟ್‌ಡೌನ್ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಸಮಯಕ್ಕೇ ಬಂದರೆ, ಆ ವರ್ಷ ಮನೆಗೆ ಬರಲಾಗುವುದಿಲ್ಲ ಎಂದು ತಂದೆಯವರಿಗೆ ಈಗಲೇ ಹೇಳಿಡಿ.