ಸಹಾಯ ಬೇಕು: ತಂಗಿಯ ಆಪ್ಟೊಮೆಟ್ರಿ ಇಂಟರ್‌ವ್ಯೂ

ಎಲ್ಲರಿಗೂ ನಮಸ್ಕಾರ, ಅಂಕೋಲೆಯಿಂದ ಬರೀತಿದ್ದೇನೆ. ತಂಗಿಗೆ ಬಿ.ಆಪ್ಟೊಮ್ (ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡೋದನ್ನು ಕಲಿಸುವ ಆಪ್ಟೊಮೆಟ್ರಿ ಪದವಿ) ಸೀಟಿಗೆ ಮುಂದಿನ ವಾರ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇದೆ. ಸಮೀಪದೃಷ್ಟಿಗೆ ನಿಮ್ನ ಮಸೂರ, ದೂರದೃಷ್ಟಿಗೆ ಪೀನ ಮಸೂರ, ದೃಷ್ಟಿ 6/6 ಅಂದ್ರೇನು, ಇವೆಲ್ಲ ಅವಳಿಗೆ ಬಾಯಿಪಾಠ. "ಎಂಬಿಬಿಎಸ್ ಸಿಗಲಿಲ್ಲ ಅಂತ ಇದಕ್ಕೆ ಬಂದೆಯಾ?" ಅಂತ ಕೇಳಿದರೆ ಏನು ಹೇಳೋದು ಅನ್ನೋದೇ ಚಿಂತೆ.

ಅವಳಿಗೆ ನಿಜಕ್ಕೂ ಇದೇ ಬೇಕು. ವರ್ಷಗಟ್ಟಲೆ ಬಿಸಿಲಲ್ಲಿ ದೋಣಿ ಮೇಲೆ ದುಡಿದ ಅಪ್ಪನ ಕಣ್ಣಲ್ಲಿ, ಮೂಗಿನ ಬದಿಯ ಬಿಳಿಭಾಗದಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸ ಬೆಳೆದಿದೆ. ಅದನ್ನು ನೋಡುತ್ತಲೇ ದೊಡ್ಡವಳಾದವಳು. ಆಪರೇಷನ್ ಮಾಡೋದು ಕಣ್ಣಿನ ಡಾಕ್ಟರೇ ಅಂತ ಗೊತ್ತು. ಆದರೆ ಮೊದಲು ಗುರುತಿಸಿ ಕಳಿಸುವವರು ಊರಲ್ಲೇ ಬೇಕಲ್ಲ! ಇದನ್ನು ಇಂಟರ್‌ವ್ಯೂನಲ್ಲಿ ಹೇಳಬಹುದಾ?

ಈ ಕೋರ್ಸ್ ಓದಿದವರು ಯಾರಾದರೂ ಸಂಜೆ ಸ್ವಲ್ಪ ಹೊತ್ತು ಫೋನಿನಲ್ಲಿ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿ ರೂಢಿ ಮಾಡಿಸ್ತೀರಾ? ಕುಮಟಾ, ಕಾರವಾರದ ಕಡೆಯವರಾದರೆ ನಾವೇ ಬರ್ತೇವೆ.