ಬೀದಿ ಬದಿಯ ಜಾಗ ‘ಕೊಡುವುದು’: ವರ್ಗಾವಣೆಯೋ, ಪರಭಾರೆಯೋ?

ಗೆಳೆಯರೇ, ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಹೂವು, ಹಣ್ಣು, ಬಳೆ ಮಾರುವವರಿಗೆ ನಾನು ಆಗಾಗ ಅರ್ಜಿ ಬರೆದುಕೊಡುತ್ತೇನೆ. ಜಾಗದ ಜಗಳ ಬಂದಾಗಲೆಲ್ಲ ಒಂದೇ ಮಾತು: ‘ಜಾಗ ಅವನಿಗೆ ಕೊಟ್ಟಿದ್ದೆ, ಈಗ ಬಿಡವಲ್ಲ.’ ಈ ‘ಕೊಟ್ಟಿದ್ದೆ’ಯನ್ನು ಕಾಗದದ ಮೇಲೆ ಹೇಗೆ ಬರೆಯಬೇಕು ಅನ್ನೋದೇ ನನ್ನ ಪ್ರಶ್ನೆ. ದುಡ್ಡು ತಗೊಂಡು ಪೂರ್ತಿ ಬಿಟ್ಟುಕೊಟ್ಟರೂ ‘ಕೊಟ್ಟೆ’. ತಿಂಗಳ ಬಾಡಿಗೆಗೆ ಬಿಟ್ಟರೂ ‘ಕೊಟ್ಟೆ’. ಕಾಯಿಲೆ ಬಿದ್ದು ಮಗಳನ್ನು ಕೂಡಿಸಿದರೂ ‘ಕೊಟ್ಟೆ’. ಕಾನೂನಿಗೆ ಮೊದಲಿನ ಎರಡು ತಪ್ಪು, ಮೂರನೆಯದು ಸರಿ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 5ನೇ ಕಲಂ ನೋಡಿ. ಬೀದಿ ವ್ಯಾಪಾರದ ಪ್ರಮಾಣಪತ್ರ ಪಡೆಯುವ ಮೊದಲು ವ್ಯಾಪಾರಿ ಮುಚ್ಚಳಿಕೆ ಬರೆದುಕೊಡಬೇಕು. ವ್ಯಾಪಾರ ತಾನೇ ಮಾಡಬೇಕು, ಇಲ್ಲವೇ ಮನೆಯವರು ಮಾಡಬೇಕು. ಪ್ರಮಾಣಪತ್ರವನ್ನಾಗಲಿ, ಅದರಲ್ಲಿ ಹೇಳಿದ ಜಾಗವನ್ನಾಗಲಿ ಯಾವ ರೀತಿಯಲ್ಲೂ, ಬಾಡಿಗೆಗೆ ಕೂಡ, ಬೇರೆಯವರಿಗೆ ದಾಟಿಸುವ ಹಾಗಿಲ್ಲ. ಷರತ್ತು ಮುರಿದರೆ 10ನೇ ಕಲಮಿನಂತೆ ಪ್ರಮಾಣಪತ್ರ ರದ್ದಾಗಬಹುದು. ಅದಕ್ಕೂ ಮುಂಚೆ ವ್ಯಾಪಾರಿಯ ಮಾತು ಕೇಳಲೇಬೇಕು.

ನಾನು ಸದ್ಯಕ್ಕೆ ‘ದಾಟಿಸುವುದು’ ಅಂತ ಬರೆದೆ. ಕಚೇರಿ ಭಾಷೆಯಲ್ಲಿ ‘ವರ್ಗಾವಣೆ’ ಅನ್ನುತ್ತಾರೆ. ಆದರೆ ನಮ್ಮ ಕಿವಿಗೆ ವರ್ಗಾವಣೆ ಅಂದರೆ ಮೇಷ್ಟ್ರದ್ದು, ಪೊಲೀಸರದ್ದು. ಜಾಗಕ್ಕೆ ಹೇಳಿದರೂ ಹೆಸರು ಬದಲಾಗಬೇಕು ಅಂತಲೇ ಅರ್ಥ. ಹಾಗಾಗಿ ಬಾಡಿಗೆಗೆ ಬಿಟ್ಟವರು ‘ಪತ್ರದಲ್ಲಿ ನನ್ನ ಹೆಸರೇ ಅದ, ವರ್ಗಾವಣೆ ಎಲ್ಲಿ ಮಾಡೀನಿ?’ ಅಂತಾರೆ. ಸುಳ್ಳು ಹೇಳುವುದಲ್ಲ, ಅವರು ಹಾಗೇ ತಿಳಿದಿದ್ದಾರೆ. ‘ಹಸ್ತಾಂತರ’ ತೀರಾ ಅಗಲ. ಗಂಡನ ಬದಲು ಹೆಂಡತಿ ಕೂತರೂ ಹಸ್ತಾಂತರವೇ ಆಗಿಬಿಡುತ್ತದೆ.

ಗೆಳೆಯರೊಬ್ಬರು ‘ಪರಭಾರೆ’ ಸೂಚಿಸಿದರು, ಅಂದರೆ ಸ್ವತ್ತನ್ನು ಬೇರೆಯವರಿಗೆ ಬರೆದುಕೊಡುವುದು. ಪರಿಶಿಷ್ಟರ ಜಮೀನು ಕುರಿತ 1978ರ ಕರ್ನಾಟಕದ ಕಾಯ್ದೆಯ ಹೆಸರಲ್ಲೇ ‘ಪರಭಾರೆ ನಿಷೇಧ’ ಇದೆ, ಹಳ್ಳಿಯವರಿಗೂ ಗೊತ್ತಿರುವ ಪದ. ಆದರೂ ನನಗೆ ಒಪ್ಪಿಗೆಯಿಲ್ಲ. ಪರಭಾರೆ ಮಾಡಲು ಸ್ವತ್ತು ಮೊದಲು ತನ್ನದಾಗಿರಬೇಕು, ಅಲ್ವಾ? ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಆ ಜಾಗದ ಮೇಲೆ ತಾತ್ಕಾಲಿಕ ಹಕ್ಕಾಗಲಿ ಕಾಯಂ ಹಕ್ಕಾಗಲಿ ಬರುವುದಿಲ್ಲ ಅಂತ ಬೀದಿ ವ್ಯಾಪಾರಿಗಳ ಕಾಯ್ದೆಯ 29ನೇ ಕಲಂ ಹೇಳುತ್ತದೆ. ದೆಹಲಿಯ ಬೀದಿ ವ್ಯಾಪಾರಿಗಳ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಹೀಗೆ ಹೇಳಿತ್ತು: ಬೀದಿ ವ್ಯಾಪಾರ ಮಾಡುವ ಹಕ್ಕುಂಟು, ಇಂಥದ್ದೇ ಜಾಗ ಬೇಕು ಅನ್ನುವ ಹಕ್ಕಿಲ್ಲ. ‘ಪರಭಾರೆ’ ಅಂತ ಬರೆದರೆ ಇಲ್ಲದ ಒಡೆತನವನ್ನು ನಾವೇ ಒಪ್ಪಿಕೊಂಡಂತಾಗುತ್ತದೆ. ಬಾಂಡ್ ಪೇಪರಿನ ಮೇಲೆ ‘ಖರೀದಿ ಕರಾರು’ ಬರೆಸಿ ಕೂಡಿಟ್ಟ ದುಡ್ಡು ಸುರಿಯುವ ಬಡವರು ನಂಬುವುದೂ ಇದೇ ಒಡೆತನವನ್ನು. ಕಾಯ್ದೆ ಬೇಡ ಅಂದದ್ದನ್ನು ಮಾಡುವ ಕರಾರಿಗೆ 1872ರ ಕರಾರು ಕಾಯ್ದೆಯ 23ನೇ ಕಲಂ ಅಡ್ಡ ಬರುತ್ತದೆ. ಇದನ್ನು ಅವರಿಗೆ ಮುಂಚೆಯೇ ಹೇಳುವವರಿಲ್ಲ.

‘ವಾರಸುದಾರ’ ಪದದ ತೊಂದರೆ ಇನ್ನೂ ದೊಡ್ಡದು. ವ್ಯಾಪಾರಿ ತೀರಿಕೊಂಡರೆ, ಕಾಯಂ ಅಂಗವಿಕಲತೆ ಬಂದರೆ ಅಥವಾ ಕಾಯಿಲೆ ಬಿದ್ದರೆ ಮನೆಯವರಲ್ಲಿ ಒಬ್ಬರು ವ್ಯಾಪಾರ ಮುಂದುವರಿಸಬಹುದು. ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಅವಲಂಬಿತ ಮಕ್ಕಳು. ಅದೂ ಪ್ರಮಾಣಪತ್ರದ ಅವಧಿ ಇರುವವರೆಗೆ ಮಾತ್ರ. ಇದು ಆಸ್ತಿ ಪಾಲಲ್ಲ. ಅರ್ಜಿಯಲ್ಲಿ ‘ವಾರಸುದಾರರು’ ಅಂತ ಬರೆದ ಕೂಡಲೇ ಅಣ್ಣತಮ್ಮಂದಿರು ಪಾಲು ಕೇಳಲು ನಿಲ್ಲುತ್ತಾರೆ, ವಿಧವೆ ಹಿಂದೆ ಬೀಳುತ್ತಾಳೆ. ಅದಕ್ಕೇ ನಾನು ‘ಮುಂದುವರಿಸುವವರು’ ಅಂತ ಬರೆಯುತ್ತಿದ್ದೇನೆ. ಸಪ್ಪೆ ಅನ್ನಿಸಬಹುದು, ಆದರೆ ಕಾಯ್ದೆ ಹೇಳುವುದು ಅಷ್ಟನ್ನೇ.

ನಮ್ಮ ಕಡೆ ನಿಜಾಮರ ಕಾಲದ ಮಾತುಗಳೂ ಜಾಸ್ತಿ. ‘ತೈಬಜಾರ್’ ಅಂದರೆ ಸಂತೆಯ ನೆಲಶುಲ್ಕ, ‘ತಹಬಜಾರಿ’ಯ ಸವೆದ ರೂಪ. ಸೋದನ್ ಸಿಂಗ್ ಪ್ರಕರಣದ ದೆಹಲಿಯಲ್ಲಿ ತಹಬಜಾರಿ ಅಂದರೆ ಕೂರಲು ಕೊಟ್ಟ ಅನುಮತಿ. ಇಲ್ಲಿ ಶುಲ್ಕದ ರಸೀದಿಗಳನ್ನು ಕಟ್ಟಿಟ್ಟುಕೊಂಡು ‘ಕಬ್ಜಾ ನಂದೇ’ ಅನ್ನುತ್ತಾರೆ. ಶುಲ್ಕ, ಅನುಮತಿ, ಕಬ್ಜಾ, ಹಕ್ಕು ಎಲ್ಲ ಒಂದೇ ರಸೀದಿಯಲ್ಲಿ ಕಲಸಿಹೋಗಿವೆ. ಅಲ್ಲೇ ಎಷ್ಟು ವರ್ಷದಿಂದ ಕೂತಿದ್ದಾರೆ ಅನ್ನೋದಕ್ಕೆ ರಸೀದಿ ಒಳ್ಳೆಯ ಸಾಕ್ಷಿ. ಮಾರುವ ಹಕ್ಕಿಗೆ ಅಲ್ಲ.

ಸದ್ಯಕ್ಕೆ ನನ್ನ ಆಯ್ಕೆ ‘ಬೇರೆಯವರ ವಶಕ್ಕೆ ಕೊಡುವುದು’. ಬಾಡಿಗೆಯೂ ಅದರೊಳಗೆ ಬರುತ್ತದೆ, ಒಡೆತನ ಇತ್ತು ಅಂತಲೂ ಆಗುವುದಿಲ್ಲ. ಇದಕ್ಕಿಂತ ಚಿಕ್ಕ ಮಾತು ಇದ್ದರೆ ತಿಳಿಸಿ. ಹೊಲ ಗೇಣಿಗೆ ಕೊಡುವುದಕ್ಕೆ ಹೇಳುವ ‘ಲಾವಣಿ’ಯನ್ನು ಕೊಪ್ಪಳದಲ್ಲಿ ಯಾರಾದರೂ ಬಂಡಿ ನಿಲ್ಲಿಸುವ ಜಾಗಕ್ಕೂ ಬಳಸುತ್ತಾರಾ? ಬಳ್ಳಾರಿ ಮದ್ರಾಸ್ ಆಡಳಿತದಲ್ಲಿದ್ದ ಊರು. ಅಲ್ಲಿನ ಮಾರುಕಟ್ಟೆಯಲ್ಲಿ ತೈಬಜಾರಿಗೆ ಏನಂತಾರೆ, ಜಾಗ ಬಿಟ್ಟುಕೊಡುವಾಗ ಕೈಗೆ ಬರುವ ದುಡ್ಡಿಗೆ ಏನಂತಾರೆ? ಇಲ್ಲಿ ಅದಕ್ಕೆ ‘ಪಗಡಿ’ ಅನ್ನುವುದನ್ನು ಕೇಳಿದ್ದೇನೆ. ನಿಮ್ಮ ಊರಿನ ಮಾತು ಯಾವುದೇ ಇರಲಿ, ಯಾರು ಯಾವ ಸಂದರ್ಭದಲ್ಲಿ ಆಡುತ್ತಾರೆ ಅನ್ನೋದನ್ನೂ ಸೇರಿಸಿ ಬರೆಯಿರಿ.