ಮಾವನ ಹಳೆ ಬಿಎಂಎಕ್ಸ್ ಸರಿ ಮಾಡಿಸಲಾ, ಮಗನಿಗೆ ಹೊಸದೇ ತೆಗೆದುಕೊಡಲಾ?

ಬಿಜೈ_ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದವರು. 1980ರ ದಶಕದಲ್ಲಿ ಒಮ್ಮೆ ಊರಿಗೆ ಬರುವಾಗ ಮಗನಿಗೆ ಅಂತ ಒಂದು ಬಿಎಂಎಕ್ಸ್ ಸೈಕಲ್ (ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಲಿಕ್ಕೆ, ಹಾರಿಸಲಿಕ್ಕೆ ಅಂತ ಮಾಡಿದ ಸಣ್ಣ ಚಕ್ರದ ಸೈಕಲ್) ತಂದಿದ್ದರು. ಇಷ್ಟು ವರ್ಷ ಕಾರ್ಕಳದ ಮನೆಯ ಅಟ್ಟದಲ್ಲಿತ್ತು. ಈಗ ಅಟ್ಟ ಖಾಲಿ ಮಾಡುವಾಗ ಗುಜರಿಗೆ ಕೊಡುತ್ತೇವೆ ಅಂದರು, ನನಗೆ ಮನಸ್ಸು ಬರಲಿಲ್ಲ, ಮಂಗಳೂರಿಗೆ ತಂದುಬಿಟ್ಟೆ. ಕ್ರೋಮ್ ಫ್ರೇಮು, ಕ್ರೋಮ್ ಹಾಕಿದ ಸ್ಟೀಲ್ ರಿಮ್ಮು, ಹ್ಯಾಂಡಲಿನ ಅಡ್ಡ ಕಂಬಿಗೂ ಮೇಲಿನ ಪೈಪಿಗೂ ಸ್ಪಂಜಿನ ಪ್ಯಾಡು. ಮುಂದಿನ ಸ್ಟಿಕರ್ ಕಿತ್ತು ಹೋಗಿದೆ, ಹಾಗಾಗಿ ಯಾವ ಕಂಪನಿ ಅಂತ ಗೊತ್ತಾಗುತ್ತಿಲ್ಲ.

ಮಗನಿಗೆ 13 ವರ್ಷ. ಒಲಿಂಪಿಕ್ಸ್‌ನ ಫ್ರೀಸ್ಟೈಲ್ (ಸೈಕಲ್ ಕಸರತ್ತು) ವಿಡಿಯೋ ನೋಡಿ ಬನ್ನಿ ಹಾಪ್ (ಎರಡೂ ಚಕ್ರ ಎತ್ತಿ ಸೈಕಲ್ ಸಮೇತ ಜಿಗಿಯುವುದು) ಕಲಿಯಬೇಕು, ಮೆಟ್ಟಿಲು ಹಾರಿಸಬೇಕು ಅಂತ ಹಟ. ಇದೇ ಸೈಕಲ್ ರಿಪೇರಿ ಮಾಡಿಸಿ ಕೊಟ್ಟರೆ ಆಗುತ್ತದಾ? ಇಲ್ಲಿ ಸೈಕಲ್ ಅಂಗಡಿಯಲ್ಲಿ ಒಬ್ಬರು "ಹಳೆ ಕಬ್ಬಿಣವೇ ಗಟ್ಟಿ, ಈಗಿನದ್ದೆಲ್ಲ ತಗಡು" ಅಂದರು. ಅದು ನಿಜವಾ? ಹಳೆಯದಕ್ಕೂ ಹೊಸದಕ್ಕೂ ಎಂತ ವ್ಯತ್ಯಾಸ ಉಂಟು ಅಂತ ತಿಳಿದವರು ಹೇಳಿ.

ಹಳೆ_ಚೈನು

ಮೊದಲು ಒಂದು ಮಾತು. ದಯವಿಟ್ಟು ಪೇಂಟ್ ಹೊಡೆಸಬೇಡಿ, ಪೌಡರ್ ಕೋಟಿಂಗಿಗೂ ಕೊಡಬೇಡಿ. ಹಳೆ ಕ್ರೋಮ್ ಒಮ್ಮೆ ಹೋದರೆ ಹೋಯಿತು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ ನೋಡಿ, ಮೇಲಿನ ತುಕ್ಕು ಎಷ್ಟೋ ಬಿಡುತ್ತದೆ.

ಕಂಪನಿ ಹುಡುಕಬೇಕಾದರೆ ಸೈಕಲ್ ತಲೆಕೆಳಗೆ ಮಾಡಿ. ಕ್ರ್ಯಾಂಕ್ (ಪೆಡಲ್ ಕೂರಿಸಿದ ಕಂಬಿ) ಹೋಗುವ ದಪ್ಪ ಕೊಳವೆಯ ಅಡಿಯಲ್ಲಿ ಅಥವಾ ಹಿಂದಿನ ಚಕ್ರ ಕೂರುವ ಜಾಗದಲ್ಲಿ ನಂಬರ್ ಹೊಡೆದಿರುತ್ತಾರೆ. ಅದನ್ನು ಒರೆಸಿ ಫೋಟೋ ಹಾಕಿ. ಹಾಗೇ ಸೀಟಿನ ಪೈಪಿನ ದಪ್ಪ ಅಳೆಯಿರಿ. ಆಗಿನ ಬಿಎಂಎಕ್ಸ್‌ಗಳಲ್ಲಿ 22.2 ಮಿ.ಮೀ. ಇರುವುದು ಜಾಸ್ತಿ, ಈಗ 25.4 ಮಿ.ಮೀ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ವ್ಯತ್ಯಾಸ ಎಲ್ಲ ಅಲ್ಲೇ ಉಂಟು. ಬಿಎಂಎಕ್ಸ್ ಶುರುವಾದದ್ದು 1970ರ ಆಸುಪಾಸು, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೋಟೋಕ್ರಾಸ್ ಬೈಕಿನವರನ್ನು ನೋಡಿ ಮಕ್ಕಳು ತಮ್ಮ ಶ್ವಿನ್ ಕಂಪನಿಯ ಸ್ಟಿಂಗ್‌ರೇ ಸೈಕಲನ್ನೇ ಮಣ್ಣಿನ ಟ್ರ್ಯಾಕಿಗೆ ಇಳಿಸಿದರು. ಸ್ಟಿಂಗ್‌ರೇ ಬಂದದ್ದು 1963ರಲ್ಲಿ, ಅದು ರೋಡಿನ ಸೈಕಲ್. ಮಣ್ಣಿನಲ್ಲಿ ಹಾರಿಸಿದರೆ ಚಕ್ರ ಬೆಂಡಾಗುತ್ತಿತ್ತು, ಫೋರ್ಕ್ ಮುರಿಯುತ್ತಿತ್ತು. ಅದನ್ನು ನೋಡಿಯೇ ಮಂಗೂಸ್, ರೆಡ್‌ಲೈನ್ ತರಹದ ಕಂಪನಿಗಳು ಬಿಎಂಎಕ್ಸ್ ಸಾಮಾನು ಮಾಡಲು ಇಳಿದವು. ಮಂಗೂಸ್‌ನವರು 1974ರಲ್ಲಿ ಮೊದಲು ಮಾರಿದ್ದು ಸೈಕಲನ್ನೇ ಅಲ್ಲ, ಕಡ್ಡಿ ಇಲ್ಲದ, ಎರಕ ಹೊಯ್ದ ಮೋಟೋಮ್ಯಾಗ್ ಚಕ್ರವನ್ನು! ನಿಮ್ಮಲ್ಲಿರುವ ಆ ಪ್ಯಾಡು ಕೂಡ ಸುಮ್ನೆ ಚಂದಕ್ಕೆ ಇಟ್ಟದ್ದಲ್ಲ. ರೇಸಿನಲ್ಲಿ ಬಿದ್ದಾಗ ಹಲ್ಲು, ಮೊಣಕಾಲು ಉಳಿಯಲಿ ಅಂತ ಹಾಕಿದ್ದು. ಅದು ಇನ್ನೂ ಇದೆ ಅಂದರೆ ನೀವು ಪುಣ್ಯವಂತರು ಮಾರಾಯ್ರೆ, ಸೈಕಲ್ ಉಳಿದರೂ ಪ್ಯಾಡ್ ಉಳಿಯುವುದು ಕಡಿಮೆ.

ಸುರತ್ಕಲ್_20ಇಂಚು

"ಹಳೆ ಕಬ್ಬಿಣವೇ ಗಟ್ಟಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ತೂಕ ಜಾಸ್ತಿ ಇದ್ದ ಮಾತ್ರಕ್ಕೆ ಗಟ್ಟಿ ಅಲ್ಲ. 4130 ಕ್ರೋಮೋಲಿ ಸ್ಟೀಲ್ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕು) ಆಗಲೂ ಇತ್ತು, ಆದರೆ ಒಳ್ಳೆ ಬೆಲೆಯ ಸೈಕಲ್‌ಗಳಲ್ಲಿ ಮಾತ್ರ. ಉಳಿದದ್ದೆಲ್ಲ ಹೈಟೆನ್ ಸ್ಟೀಲ್, ಅಂದರೆ ಅದಕ್ಕಿಂತ ಅಗ್ಗದ ಉಕ್ಕು. ಈಗಲೂ ಹಾಗೇ.

ನಿಮ್ಮ ಸೈಕಲ್‌ನ ಕ್ರ್ಯಾಂಕ್ ನೋಡಿ. ಎಡ ಪೆಡಲಿನಿಂದ ಬಲ ಪೆಡಲಿನ ತನಕ ಬಗ್ಗಿಸಿದ ಒಂದೇ ಕಂಬಿ ಇರಬಹುದು. ಆ ಕಾಲಕ್ಕೆ ಸರಿ, ಪೆಡಲ್ ತುಳಿಯಲಿಕ್ಕೆ ಈಗಲೂ ಸಾಕು. ಆದರೆ ಎತ್ತರದಿಂದ ಎರಡೂ ಕಾಲು ಪೆಡಲ್ ಮೇಲೆ ಇಟ್ಟು ನೆಲಕ್ಕೆ ಬಂದಾಗ ಇಡೀ ಮೈಭಾರ ಬೀಳುವುದು ಅದರ ಮೇಲೆಯೇ, ಒಂದು ದಿನ ಬಗ್ಗುತ್ತದೆ. ಈಗಿನ ಒಳ್ಳೆ ಫ್ರೀಸ್ಟೈಲ್ ಸೈಕಲ್‌ಗಳಲ್ಲಿ ಕ್ರೋಮೋಲಿಯ ಮೂರು ತುಂಡಿನ ಕ್ರ್ಯಾಂಕ್, 19 ಅಥವಾ 22 ಮಿ.ಮೀ. ದಪ್ಪದ ಅಚ್ಚು, ಸೀಲ್ಡ್ ಬೇರಿಂಗ್. ಹಿಂದಿನ ಚಕ್ರದ ಆಕ್ಸಲ್ ಆಗ ಸುಮಾರು 10 ಮಿ.ಮೀ. ಇತ್ತು, ಈಗ 14. ಇಷ್ಟು ಸಾಕು, ಯಾವುದು ಯಾತಕ್ಕೆ ಮಾಡಿದ್ದು ಅಂತ ಗೊತ್ತಾಗುತ್ತದೆ.

ನನಗೆ ಬಹಳ ಇಷ್ಟವಾದ ಬದಲಾವಣೆ ಚೈನ್ ವೀಲಿನದ್ದು. ಹಳೆಯದರಲ್ಲಿ ಮುಂದೆ 44 ಹಲ್ಲು, ಹಿಂದೆ 16. ಈಗ ಮುಂದೆ 25, ಹಿಂದೆ 9. ಭಾಗಿಸಿ ನೋಡಿ: 2.75, 2.78. ಕಾಲಿಗೆ ಹೆಚ್ಚುಕಮ್ಮಿ ಒಂದೇ ಅನುಭವ! ಆದರೆ ಚೈನ್ ವೀಲ್ ಅರ್ಧದಷ್ಟಾಯಿತು, ತೂಕ ಇಳಿಯಿತು, ಕಟ್ಟೆಯ ಅಂಚಿನಲ್ಲಿ ಜಾರಿಸುವಾಗ ನೆಲಕ್ಕೆ ತಾಗುವುದು ತಪ್ಪಿತು. ಹ್ಯಾಂಡಲಿನ ಎತ್ತರ ಕೂಡ 8 ಇಂಚಿನ ಆಸುಪಾಸಿನಿಂದ 9 ಇಂಚಿನ ಮೇಲೆ ಏರಿದೆ, ಮೇಲಿನ ಪೈಪ್ ಉದ್ದವಾಗಿದೆ. ಬನ್ನಿ ಹಾಪ್ ಮಾಡುವಾಗ ಮುಂದಿನ ಚಕ್ರ ಎಳೆದು ಎತ್ತಬೇಕಲ್ವಾ, ಆಗ ಹಳೆ ಸೈಕಲ್‌ನಲ್ಲಿ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ. ಕಲಿಯುವ ಮಗುವಿಗೆ ಅದು ಸುಮ್ನೆ ಹಿಂಸೆ.

ಇನ್ನೊಂದು, "ಮಾಡರ್ನ್ ಬಿಎಂಎಕ್ಸ್" ಅಂದರೆ ಈಗ ಎರಡು ಜಾತಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಬಂದದ್ದು ರೇಸಿಂಗ್. ನಿಮ್ಮ ಮಗ ನೋಡಿದ ಫ್ರೀಸ್ಟೈಲ್ ಬಂದದ್ದು ಟೋಕಿಯೋದಲ್ಲಿ, ಅದು 2021ರಲ್ಲಿ ನಡೆಯಿತು. ರೇಸ್ ಸೈಕಲ್ ಅಲ್ಯೂಮಿನಿಯಂ, ಕಾರ್ಬನ್‌ನದ್ದು, ಹಗುರ, ಅದರಲ್ಲಿ ದೊಡ್ಡ ಚೈನ್ ವೀಲ್ ಇನ್ನೂ ಉಳಿದಿದೆ. ಒಂದು ಲೆಕ್ಕದಲ್ಲಿ ನಿಮ್ಮ ಮಾವ ತಂದ ಸೈಕಲಿಗೆ ಹತ್ತಿರದ ಸಂಬಂಧ ಅದೇ. ಫ್ರೀಸ್ಟೈಲಿನದ್ದು ಬೇರೆ ದಾರಿ ಹಿಡಿಯಿತು.

ಮಲ್ಪೆ_ಗ್ರೀಸ್

ಇಬ್ಬರೂ ಹೇಳಿದ್ದು ಸರಿ. ಆದರೆ ನಮ್ಮ ಕರಾವಳಿಯ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ, ಮೇಲೆ ಉಪ್ಪು ಗಾಳಿ. ಸ್ಟೀಲ್ ಫ್ರೇಮ್ ಹೊರಗಿನಿಂದ ಹಾಳಾಗುವುದಕ್ಕಿಂತ ಒಳಗಿನಿಂದ ಹಾಳಾಗುವುದು ಅಪಾಯ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಅಣ್ಣ, ನೀವು ಹೀಗೆ ಮಾಡಿ. ಕ್ರ್ಯಾಂಕ್ ಬಿಚ್ಚಿಸಿ, ಸೀಟಿನ ಪೈಪ್ ತೆಗೆಸಿ. ಫ್ರೇಮನ್ನು ನೆಟ್ಟಗೆ ಹಿಡಿದು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಕಂದು ಹುಡಿ ಸ್ವಲ್ಪ ಉದುರಿದರೆ ಚಿಂತೆ ಇಲ್ಲ. ಹಪ್ಪಳದ ಚೂರಿನ ಹಾಗೆ ಪದರ ಪದರ ಬಿದ್ದರೆ ಪೈಪ್ ತೆಳು ಆಗಿದೆ ಅಂತಲೇ ಲೆಕ್ಕ. ಆಮೇಲೆ ಟಾರ್ಚ್ ಹಿಡಿದು, ಕೆಳಗಿನ ಪೈಪ್ ಮುಂದಿನ ಕುತ್ತಿಗೆಗೆ ಸೇರುವ ವೆಲ್ಡಿಂಗ್‌ನ ಅಡಿ ಭಾಗ ನೋಡಿ. ಅಲ್ಲಿ ಕೂದಲೆಳೆಯಷ್ಟು ಗೆರೆ ಕಂಡು ಅದರಿಂದ ತುಕ್ಕಿನ ನೀರು ಇಳಿದ ಕಲೆ ಇದ್ದರೆ ಅದು ಬಿರುಕು. ಹಾರಿಸುವಾಗ ಮೊದಲು ಬಾಯಿ ಬಿಡುವ ಜಾಗ ಅದು. ಹಾಗೆ ಕಂಡರೆ ಯಾರನ್ನೂ ಹತ್ತಿಸಬೇಡಿ, ಗೋಡೆಗೆ ತೂಗುಹಾಕಿ.

ಮತ್ತೆ ಆ ಕ್ರೋಮ್ ರಿಮ್ಮು. ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ. ಮಳೆಗಾಲದಲ್ಲಿ ಕದ್ರಿ ಇಳಿಜಾರಿನಲ್ಲಿ ಅದನ್ನು ಮಗನ ಕೈಗೆ ಖಂಡಿತ ಕೊಡಬೇಡಿ. ಅಲ್ಯೂಮಿನಿಯಂ ರಿಮ್ ಎಷ್ಟೋ ವಾಸಿ.

ಬಿಜೈ_ಅಪ್ಪ

ಇಷ್ಟೆಲ್ಲ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ನೋಡಿದೆ, ಹುಡಿ ಮಾತ್ರ ಬಿತ್ತು, ಪದರ ಬೀಳಲಿಲ್ಲ. ಬಿರುಕೂ ಕಾಣಲಿಲ್ಲ. ಕ್ರ್ಯಾಂಕ್ ಒಂದೇ ಕಂಬಿಯದ್ದೇ. ಸೀಟಿನ ಪೈಪ್ 22.2. ಹಾಗಾದರೆ ಇದನ್ನು ನಾನು ಇಟ್ಟುಕೊಂಡು ಸಂಜೆ ಹೊತ್ತು ಸುಮ್ನೆ ಓಡಿಸಬಹುದಾ? ಮಗನಿಗೆ ಹೊಸದು ತೆಗೆಯುವುದಾದರೆ ಅಂಗಡಿಯಲ್ಲಿ ಎಂತ ನೋಡಬೇಕು?

ಸುರತ್ಕಲ್_20ಇಂಚು

ಧಾರಾಳ ಓಡಿಸಿ, ಹಾರಿಸಬೇಡಿ ಅಷ್ಟೇ. ಮಗನಿಗೆ ತೆಗೆಯುವಾಗ "ಬಿಎಂಎಕ್ಸ್" ಅಂತ ಬರೆದ ಸ್ಟಿಕರ್ ನೋಡಿ ಮರುಳಾಗಬೇಡಿ. ದಪ್ಪ ಟಯರ್, ನಾಲ್ಕು ಪೆಗ್ (ಚಕ್ರದ ಆಕ್ಸಲಿಗೆ ಸಿಕ್ಕಿಸುವ ಗಿಡ್ಡ ಕೊಳವೆ), ಗಿರ್ರನೆ ತಿರುಗುವ ಹ್ಯಾಂಡಲ್ ಇದ್ದೂ ಒಳಗೆ ಮಕ್ಕಳ ಸೈಕಲ್ಲಿನದ್ದೇ ಸಾಮಾನು ಹಾಕಿದವು ಬೇಕಾದಷ್ಟು ಉಂಟು. ಕ್ರ್ಯಾಂಕ್ ಮೂರು ತುಂಡಿನದ್ದಾ, ಹಿಂದಿನ ಆಕ್ಸಲ್ 14 ಮಿ.ಮೀ. ಉಂಟಾ, ಮುಖ್ಯ ಪೈಪುಗಳಾದರೂ ಕ್ರೋಮೋಲಿಯಾ, ಇದನ್ನು ಬಾಯಿ ಬಿಟ್ಟು ಕೇಳಿ. ಹಿಂದಿನ ಬ್ರೇಕ್ ಬಿಚ್ಚಿಸುತ್ತೇನೆ ಅಂತ ಹುಡುಗ ಹೇಳಿಯೇ ಹೇಳುತ್ತಾನೆ, ವಿಡಿಯೋದಲ್ಲಿ ಎಷ್ಟೋ ಜನರ ಸೈಕಲಿಗೆ ಬ್ರೇಕ್ ಇರುವುದಿಲ್ಲ. ಬಿಡಬೇಡಿ. ಮಂಗಳೂರಿನ ಏರುತಗ್ಗಿಗೆ ಬ್ರೇಕ್ ಬೇಕೇ ಬೇಕು. ಹೆಲ್ಮೆಟ್ಟಿನ ದುಡ್ಡು ಮೊದಲೇ ಎತ್ತಿಡಿ.

ಹಳೆ_ಚೈನು

ಹಳೆಯದಕ್ಕೆ ಟಯರ್ ತರುವಾಗ 20 ಇಂಚು ಅಂತ ಮಾತ್ರ ಹೇಳಿದರೆ ಸಾಲದು. ಟಯರಿನ ಬದಿಯಲ್ಲಿ 406 ಅಂತ ಇದೆಯಾ 451 ಅಂತ ಇದೆಯಾ ನೋಡಿ (ಟಯರ್ ಕೂರುವ ಜಾಗದಲ್ಲಿ ರಿಮ್ಮಿನ ಅಡ್ಡಳತೆ, ಮಿ.ಮೀ.ನಲ್ಲಿ), ಎರಡೂ 20 ಇಂಚೇ, ಆದರೆ ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ನಿಮ್ಮದು 406 ಆಗಿದ್ದರೆ ಮಕ್ಕಳ ಸೈಕಲಿಗೆ ಬರುವ 20x1.75 ಸರಿಯಾಗುತ್ತದೆ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಹ್ಯಾಂಡಲ್ ಸ್ಟೆಮ್ (ಹ್ಯಾಂಡಲ್ ಹಿಡಿದು ಫೋರ್ಕಿನ ಒಳಗೆ ಇಳಿಯುವ ಭಾಗ) ಬದಲಿಸುವುದಾದರೂ ಅಳತೆ ತೆಗೆದೇ ಹೋಗಿ. ಆಗಿನ ಅಮೆರಿಕದ ಅಳತೆ 21.1 ಮಿ.ಮೀ., ನಮ್ಮ ಸಾದಾ ಸೈಕಲಿನದ್ದು 22.2, ಬಡಿದು ಕೂರಿಸಲು ಹೋದರೆ ಫೋರ್ಕ್ ಸೀಳುತ್ತದೆ. ನಂಬರಿನ ಫೋಟೋಗೆ ಕಾಯುತ್ತಿದ್ದೇನೆ.